ಸೋದರತ್ತೆ ಹೇಳಬೇಕಾದ ಹೆಸರು

ಕ್ಲೂನ್‌ಬ್ರಾಕ್, ಲೀಟ್ರಿಮ್ ಜಿಲ್ಲೆ, ಐರ್ಲೆಂಡ್
16 ಅಕ್ಟೋಬರ್ 2005, ಭಾನುವಾರ

ಪಾವನಾ ಅತ್ತಿಗೆಗೆ ನಳಿನಿಯ ನಮಸ್ಕಾರ.

ಫೋನ್ ಮಾಡಿ ಮಾಡಿ ಸಾಕಾಯ್ತು. ಪ್ರತಿ ಸಲ ಅಣ್ಣನೇ ಎತ್ತುತ್ತಾನೆ, "ಅವಳು ಮಲಗಿದಾಳೆ" ಅಂತಾನೆ. ಸಂಜೆ ಐದು ಗಂಟೆಗೆ ಯಾರು ಮಲಗ್ತಾರೆ ಅತ್ತಿಗೆ? ಅದಕ್ಕೇ ಈ ಕಾಗದ. ನೀವು ಎದ್ದಾಗ ಓದಿ, ಅವಸರ ಇಲ್ಲ.

ನಾನಿಲ್ಲಿಗೆ ಬಂದು ಮೂರು ತಿಂಗಳಾಯ್ತು. ಮೂವತ್ತು ಜನ ಮುದುಕರು, ಆರು ಜನ ನರ್ಸ್‌ಗಳು, ಲೆಕ್ಕವಿಲ್ಲದಷ್ಟು ದನ. ಭದ್ರಾವತಿ ಪೇಪರ್ ಟೌನ್‌ನ ಸೈರನ್ ಕೇಳಿ ಬೆಳೆದವಳಿಗೆ ಈ ನಿಶ್ಶಬ್ದಕ್ಕೆ ಒಗ್ಗಿಕೊಳ್ಳೋದೇ ಒಂದು ಕೆಲಸ. ಇಂಗ್ಲಿಷ್ ಬರುತ್ತೆ ಅಂದ್ಕೊಂಡಿದ್ದೆ. ಇವರು ಮಾತಾಡೋದು ಕೇಳಿದ ಮೇಲೆ ಆ ಧೈರ್ಯವೂ ಹೋಯ್ತು.

ಇಲ್ಲಿ ನನಗೊಬ್ಬ ಗುರು ಸಿಕ್ಕಿದಾನೆ. ಹೆಸರು ಫ್ರಾನ್ಸಿ ಮೆಕ್‌ಗೌರ್ಟಿ, ವಯಸ್ಸು ಎಂಬತ್ನಾಲ್ಕು, ಹಲ್ಲು ಎರಡು. ನಮ್ಮ ವೃದ್ಧರ ನರ್ಸಿಂಗ್ ಹೋಮ್ ಹಿಂದೆ ಇರೋ ಜಮೀನೆಲ್ಲ ಒಂದು ಕಾಲಕ್ಕೆ ಅವನದೇ, ಈಗ ತಮ್ಮನ ಮಗ ಡೆಕ್ಲನ್ ನೋಡ್ಕೋತಾನೆ. ಫ್ರಾನ್ಸಿ ಅಜ್ಜನ ಕುರ್ಚಿ ಕಿಟಕಿ ಪಕ್ಕ. ಅಲ್ಲಿಂದ ಕಾಣೋ ಒಂದೊಂದು ಹೊಲಕ್ಕೂ ಒಂದೊಂದು ಹೆಸರು, ಒಂದೊಂದು ಕಥೆ. ನಮ್ಮಲ್ಲಿ ಸರ್ವೆ ನಂಬರ್ ಇದ್ದ ಹಾಗಲ್ಲ. ಅದು ಕುದುರೆ ಹೊಲ, ಯಾಕಂದ್ರೆ ಅಲ್ಲಿ ಕೆರೆಯಿಂದ ಎದ್ದು ಬಂದ ಕುದುರೆಯೊಂದು ಉಳುಮೆ ಮಾಡಿಕೊಟ್ಟು ಸಂಜೆ ನೀರಿಗೇ ವಾಪಸ್ ಹೋಯ್ತಂತೆ, ಜೊತೆಗೆ ನೇಗಿಲನ್ನೂ ತಗೊಂಡು. ಇದು ಬಾವಿ ಹೊಲ, ಅಲ್ಲಿಯ ನೀರು ಹಚ್ಚಿದರೆ ನರೂಲಿ ಉದುರುತ್ತಂತೆ. ನಾನು ದಿನಾ ಔಷಧಿ ಕೊಡೋವಾಗ ಒಂದು ಹೆಸರು ಕಲೀತೀನಿ. ಕಥೆ ಹೇಳಿದ ಮೇಲೇ ಮಾತ್ರೆ ನುಂಗೋದು, ಅದು ನಮ್ಮಿಬ್ಬರ ಒಪ್ಪಂದ.

ಮೂಲೇಲಿ ಇರೋ ಸಣ್ಣ ಹೊಲ ಲಿಶೀನ್. ನನ್ನ ರೂಮಿಗೆ ಅದೇ ಅಡ್ಡದಾರಿ. ಹೋದ ವಾರ ಮಟಮಟ ಮಧ್ಯಾಹ್ನ ಅದನ್ನ ದಾಟೋಕೆ ಹೋಗಿ ಗೇಟೇ ಸಿಗದೆ ಮೂರು ಸುತ್ತು ಸುತ್ತಿದೆ. ನಾಲ್ಕು ಗುಂಟೆ ಜಾಗ ಅತ್ತಿಗೆ, ಅದರಲ್ಲಿ ದಾರಿ ತಪ್ಪಿದೆ. ಫ್ರಾನ್ಸಿಗೆ ಹೇಳಿದ್ರೆ ಅವನು ನಗಲೇ ಇಲ್ಲ. ಅಲ್ಲಿ ಒಂದು ಹುಲ್ಲುಹೆಂಟೆ ಇದೆಯಂತೆ, ಅದನ್ನ ತುಳಿದೋರಿಗೆ ದಾರಿ ಮರೆಯುತ್ತಂತೆ. ಕೋಟನ್ನ ಬಿಚ್ಚಿ ಒಳಗು ಹೊರಗು ಮಾಡಿ ಹಾಕ್ಕೊಂಡ್ರೆ ಮಾತ್ರ ಬಿಡುಗಡೆ. ಆ ಜಾಗ "ಒಳ್ಳೇ ಜನ"ರದ್ದು ಅಂತಾನೆ. ನಮ್ಮಲ್ಲಿ ಹಾವಿಗೆ ಹುಳ ಅಂತೀವಲ್ಲ, ಹಾಗೆ ಇವರು ಭೂತಪ್ರೇತದಂಥವುಗಳಿಗೆ ಒಳ್ಳೇ ಜನ ಅಂತಾರೆ.

ಮೇ ತಿಂಗಳಲ್ಲಿ ಆದದ್ದು ಅಮ್ಮ ಹೇಳಿದರು. ಆಗ ನಾನು ಇಲ್ಲಿಗೆ ಬರೋಕೆ ಬೇಕಾದ ಪರೀಕ್ಷೆಯ ಗಡಿಬಿಡೀಲಿ ಬೆಂಗಳೂರಲ್ಲಿದ್ದೆ, ನಿಮ್ಮ ಹತ್ತಿರ ಸರಿಯಾಗಿ ಮಾತಾಡೋಕೂ ಆಗಲಿಲ್ಲ. ಮೂರು ತಿಂಗಳಿಗೇ ಹೋಯ್ತಂತೆ. ಮನಸ್ಸಿಗೆ ಹಚ್ಕೋಬೇಡಿ ಅತ್ತಿಗೆ. ವಯಸ್ಸೇನು ಮಹಾ ಆಗಿದೆ ನಿಮಗೆ, ಇನ್ನೊಂದು ಆಗುತ್ತೆ.

ಉತ್ತರ ಬರೀರಿ. ಬೈದಾದರೂ ಬರೀರಿ.

ನಿಮ್ಮ ನಾದಿನಿ
ನಳಿನಿ


(ಕಳಿಸದೆ ಉಳಿದದ್ದು)
ಕಾರ್ಲ್‌ಸ್ಟಾಡ್
ಸ್ವೀಡನ್
5 ನವೆಂಬರ್ 2005

ನಳಿನಿ,

ಮೂರು ತಿಂಗಳಲ್ಲ. ಮೂವತ್ನಾಲ್ಕು ವಾರ. ಮೊದಲನೇದು ಹೋದಾಗ ಊರಿಗೆಲ್ಲ ಹೇಳಿಬಿಟ್ಟಿದ್ವಿ ಅಂತ, ಈ ಸಲ ಏಳು ತುಂಬೋವರೆಗೆ ಯಾರಿಗೂ ಹೇಳಬೇಡಿ ಅಂದಿದ್ದರು ನಿಮ್ಮಮ್ಮ. ಆಮೇಲೆ ಸೀಮಂತಕ್ಕೆ ದಿನ ನೋಡ್ತಿದ್ವಿ. ಅಷ್ಟರಲ್ಲಿ ಒಂದು ಬೆಳಗ್ಗೆ ಒಳಗೆ ಅಲುಗಾಟ ನಿಂತಿತ್ತು. ಹೆಣ್ಣು ಮಗು. ಎರಡು ಕಿಲೋ ನೂರು ಗ್ರಾಂ.

ಅವಳನ್ನ ಎಲ್ಲಿಟ್ಟಿದಾರೆ ಅಂತ ನನಗೆ ಗೊತ್ತಿಲ್ಲ. ಆರು ತಿಂಗಳಿಂದ ಇದೊಂದೇ ಪ್ರಶ್ನೆ ನನ್ನ ತಲೇಲಿ. ನಿನ್ನಣ್ಣನ್ನ ಕೇಳೋಕೆ ಬಾಯಿ ಬರ್ತಿಲ್ಲ. ಕೇಳಿದರೆ "ಎಲ್ಲೂ ಇಲ್ಲ" ಅಂದುಬಿಟ್ಟರೆ?

ಇನ್ನೊಂದು ಆಗುತ್ತೆ ಅಂತ ಬರೆದಿದೀಯ. ನೀನು ನರ್ಸ್


ಕಾರ್ಲ್‌ಸ್ಟಾಡ್
6 ನವೆಂಬರ್ 2005

ಪ್ರೀತಿಯ ನಳಿನಿ,

ಕಾಗದ ಬಂತು. ನಾವು ಚೆನ್ನಾಗಿದೀವಿ. ಇಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತೆ. ನಿನ್ನಣ್ಣನಿಗೆ ಫ್ಯಾಕ್ಟರೀಲಿ ಹೊಸ ಪೇಪರ್ ಮಷೀನ್ ಕೂರಿಸೋ ಕೆಲಸ. ಶನಿವಾರ ಬ್ಯಾಡ್ಮಿಂಟನ್‌ಗೆ ಹೋಗ್ತಾರೆ. ನಾನು ಡಾಗಿಸ್, ಅಂದ್ರೆ ಶಿಶುವಿಹಾರದ ಕೆಲಸ ಬಿಟ್ಟೆ, ಚಿಕ್ಕ ಮಕ್ಕಳ ಗಲಾಟೆಗೆ ತಲೆನೋವು ಬರ್ತಿತ್ತು. ಸ್ವೀಡಿಷ್ ಕ್ಲಾಸಿಗೂ ಸದ್ಯಕ್ಕೆ ಹೋಗ್ತಿಲ್ಲ. ಚಳಿಗೆ ಬೆಚ್ಚಗಿರು. ಆ ಹೊಲದಲ್ಲಿ ನಡೆಯಬೇಡ.

ಪಾವನಾ


ಕ್ಲೂನ್‌ಬ್ರಾಕ್
20 ನವೆಂಬರ್ 2005, ಭಾನುವಾರ

ಅತ್ತಿಗೆ,

ನಿಮ್ಮ ಕಾಗದ ಓದೋಕೆ ನನಗೆ ಅರ್ಧ ನಿಮಿಷ ಬೇಕಾಯ್ತು. ಬ್ಯಾಂಕಿನವರು ಕೂಡ ನನಗೆ ಇದಕ್ಕಿಂತ ಉದ್ದ ಬರೀತಾರೆ. ನನ್ನ ಮೇಲೆ ಏನಾದ್ರೂ ಬೇಜಾರಿದ್ದರೆ ಹೇಳಿಬಿಡಿ. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಜಡೆ ಹಾಕ್ತಾ ಕಾಲೇಜಿನ ಹುಡುಗರ ಹೆಸರೆಲ್ಲ ಬಾಯಿ ಬಿಡಿಸ್ತಿದ್ದಿರಿ. ಅದೇ ಅತ್ತಿಗೆ ಈಗ "ಚಳಿಗೆ ಬೆಚ್ಚಗಿರು" ಅಂತ ಮುಗಿಸ್ತಾರೆ. ಫಾರಿನ್ ಸೇರಿ ನಾಲ್ಕು ವರ್ಷ ಆಯ್ತಲ್ಲ, ದೊಡ್ಡವರಾಗಿಬಿಟ್ರಿ ಅಂತ ನನಗೆ ಅನ್ನಿಸಿತು. ಅನ್ನಿಸಿದ್ದನ್ನ ಬರೆದೆ, ತಪ್ಪಾಗಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಇಲ್ಲಿ ಒಂದು ರಗಳೆ ಶುರುವಾಗಿದೆ. ಈ ದೇಶದಲ್ಲಿ ಈಗ ಎಲ್ಲಿ ನೋಡಿದ್ರೂ ಮನೆ ಕಟ್ಟೋದೇ. ಡೆಕ್ಲನ್‌ಗೂ ಹುಚ್ಚು ಹಿಡಿದಿದೆ, ಲಿಶೀನ್ ಹೊಲದಲ್ಲೇ ಮನೆ ಕಟ್ತಾನಂತೆ. ಹೋದ ಸೋಮವಾರ ಜೆಸಿಬಿ ಬಂತು. ಅದನ್ನ ಓಡಿಸೋನು ಗೇಟಿನ ಹತ್ತಿರ ನಿಂತು, ಒಳಗೆ ಕಾಲಿಡಲ್ಲ ಅಂದ. ಅವನ ತಾತ ಹೇಳಿದ್ದನಂತೆ, ಲಿಶೀನ್ ಅಗೆದವನ ಮನೇಲಿ ವರ್ಷದೊಳಗೆ ಒಂದು ಹೆಣ ಬೀಳುತ್ತೆ ಅಂತ. ಡೆಕ್ಲನ್ ಬಿದ್ದು ಬಿದ್ದು ನಕ್ಕ. ಇನ್ನೊಬ್ಬನನ್ನ ಹುಡುಕ್ತೀನಿ, ಹೊಸವರ್ಷ ಕಳೆದ ಮೇಲೆ ಕೆಲಸ ಶುರು ಅಂದ.

ಇದನ್ನೆಲ್ಲ ಕಿಟಕಿಯಿಂದ ನೋಡಿದ ಫ್ರಾನ್ಸಿ ಅಜ್ಜ ಆವತ್ತಿಂದ ಊಟ ಬಿಟ್ಟಿದಾನೆ. ಸೂಪ್ ಕೊಟ್ಟರೆ ಚಮಚ ತಳ್ತಾನೆ. ಕಥೆ ಹೇಳು ಅಂದರೆ ಮುಖ ಗೋಡೆ ಕಡೆ ತಿರುಗಿಸ್ತಾನೆ. ಬರೀ ದೆವ್ವದ ಕಥೆಗೆ ಯಾರಾದ್ರೂ ಹೀಗೆ ಸೊರಗ್ತಾರಾ? ನನಗೆ ಏನೋ ಅನುಮಾನ. ಡಾಕ್ಟರು ವಯಸ್ಸಾಯ್ತು ಅಂತಾರೆ. ಇಲ್ಲಿ ಡಾಕ್ಟರಿಗೆ ಏನೂ ತಿಳಿಯದಿದ್ದಾಗ ವಯಸ್ಸಾಯ್ತು ಅಂತಾರೆ.

ಅಣ್ಣನಿಗೆ ಬ್ಯಾಡ್ಮಿಂಟನ್ ಯಾವಾಗಿಂದ? ಓದೋವಾಗ ಅವನಿಗೆ ಕೇರಂ ಬೋರ್ಡೇ ದೊಡ್ಡ ವ್ಯಾಯಾಮವಾಗಿತ್ತು.

ಒಂದು ಪುಟವಾದರೂ ಬರೀರಿ.

ನಳಿನಿ


ಕ್ಲೂನ್‌ಬ್ರಾಕ್
11 ಡಿಸೆಂಬರ್ 2005, ಭಾನುವಾರ

ಅತ್ತಿಗೆ,

ನಿಮ್ಮ ಉತ್ತರ ಬರಲಿಲ್ಲ. ಕಾಯೋಕಾಗದೆ ಮತ್ತೆ ಬರೀತಿದೀನಿ. ನನಗೆ ಇದನ್ನ ಯಾರಿಗಾದ್ರೂ ಹೇಳಲೇಬೇಕು.

ಗುರುವಾರ ಬೆಳಗ್ಗೆ ಫ್ರಾನ್ಸಿಗೆ ಗಡ್ಡ ಮಾಡ್ತಿದ್ದೆ. ಇದ್ದಕ್ಕಿದ್ದ ಹಾಗೆ ನನ್ನ ಮಣಿಕಟ್ಟು ಹಿಡ್ಕೊಂಡ. "ನರ್ಸ್, ಆ ಹೊಲದಲ್ಲಿ ಒಳ್ಳೇ ಜನರೂ ಇಲ್ಲ, ಕೆಟ್ಟ ಜನರೂ ಇಲ್ಲ. ಮಕ್ಕಳಿದಾರೆ" ಅಂದ.

ಹುಟ್ಟುವಾಗಲೇ ಸತ್ತ ಮಕ್ಕಳು, ಪಾದ್ರಿ ನೀರು ಹಾಕಿ ಮಾಡೋ ಜ್ಞಾನಸ್ನಾನ ಆಗೋ ಮೊದಲೇ ಸತ್ತ ಮಕ್ಕಳು. ಅಂಥವರನ್ನ ಇವರ ಚರ್ಚಿನ ಸ್ಮಶಾನಕ್ಕೆ ಆ ಕಾಲದಲ್ಲಿ ಸೇರಿಸ್ತಿರಲಿಲ್ಲವಂತೆ. ಅಪ್ಪಂದಿರು ಒಂದು ಸಣ್ಣ ಪೆಟ್ಟಿಗೇಲಿಟ್ಟು, ಊರು ಏಳೋ ಮೊದಲು ಯಾರಿಗೂ ಬೇಡವಾದ ಮೂಲೆ ಹೊಲಕ್ಕೆ ಒಯ್ದು ಹೂಳ್ತಿದ್ದರು. ಹೆಸರಿಲ್ಲ, ಪ್ರಾರ್ಥನೆ ಇಲ್ಲ. ಒಂದು ಬಿಳಿ ಬೆಣಚುಕಲ್ಲು ಇಟ್ಟು ಬರೋದು, ಅಷ್ಟೇ. ಈ ಜಿಲ್ಲೇಲಿ ಲಿಶೀನ್ ಅನ್ನೋ ಹೆಸರಿನ ಎಷ್ಟೋ ಹೊಲಗಳ ಕಥೆ ಇಷ್ಟೇ ಅಂತೆ. ತುಳಿದರೆ ದಾರಿ ತಪ್ಪುತ್ತೆ, ಅಗೆದರೆ ಹೆಣ ಬೀಳುತ್ತೆ ಅಂತ ದೊಡ್ಡವರು ಹೇಳ್ಕೊಂಡು ಬಂದಿದ್ದು ಯಾಕೆ ಗೊತ್ತಾ? ನೇಗಿಲು ತಾಗದಿರಲಿ ಅಂತ. ಆ ಮಕ್ಕಳನ್ನ ಕಾಯೋಕೆ ಬೇರೆ ಏನೂ ಇರಲಿಲ್ಲ ಅವರ ಹತ್ತಿರ.

ಅಲ್ಲಿ ಫ್ರಾನ್ಸಿಯ ಮಗಳೂ ಇದಾಳೆ. 1952ರಲ್ಲಿ. ಅವನೇ ಎತ್ಕೊಂಡು ಹೋದದ್ದು. ಹೆಂಡತಿ ಬ್ರೈಡಿಗೆ ಎಲ್ಲಿ ಅಂತ ಹೇಳಲಿಲ್ಲ. ಹೇಳಬಾರದು, ಹೇಳಿದರೆ ಹೆಂಗಸು ಅಲ್ಲೇ ಕೂತುಬಿಡ್ತಾಳೆ ಅಂತ ಅವನಮ್ಮ ಅಂದಿದ್ದಳಂತೆ. ಬ್ರೈಡಿ ಒಂದೇ ಒಂದು ಸಲ ಕೇಳಿದಳು, ಇವನು ದನ ಕಟ್ಟೋಕೆ ಎದ್ದು ಹೋದ. ಆಮೇಲೆ ನಲವತ್ತು ವರ್ಷ ಅವಳು ದಿನಕ್ಕೆರಡು ಸಲ ಹಾಲಿನ ಬಕೆಟ್ ಹಿಡಿದು ಆ ಹೊಲದ ಬೇಲಿ ಪಕ್ಕದಲ್ಲೇ ಓಡಾಡಿದಳು. ಗೊತ್ತಿಲ್ಲದೇನೇ ತೀರ್ಕೊಂಡಳು.

"ಹೇಳಬೇಕಿತ್ತಾ ನರ್ಸ್?" ಅಂತ ಕೇಳಿದ. ಅರ್ಧ ಗಡ್ಡ ಹಾಗೇ ಬಿಟ್ಟು ಇಬ್ಬರೂ ಅತ್ತೆವು.

ನಮ್ಮಲ್ಲೂ ಹೀಗೇ ಅಲ್ವಾ ಅತ್ತಿಗೆ. ನಾಮಕರಣ ಆಗದ ಮಗುವನ್ನ ಸುಡಲ್ಲ, ಹೂಳ್ತಾರೆ. ತಿಥಿ ಇಲ್ಲ, ಏನೂ ಇಲ್ಲ. ಗಂಡಸರು ಹೋಗಿ ಬಂದು ಸ್ನಾನ ಮಾಡ್ತಾರೆ, ಅಲ್ಲಿಗೆ ಮುಗೀತು. ತಾಯಿಗೆ ಯಾರು ಹೇಳ್ತಾರೆ?

ಅದೇ ಸಂಜೆ ಅಣ್ಣನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವನು ಕೊನೆಗೆ ಒಂದೇ ಪ್ರಶ್ನೆ ಕೇಳಿದ, "ಕಲ್ಲು ಯಾವುದು ಅಂತ ಆ ಅಜ್ಜನಿಗೆ ಈಗಲೂ ಗುರುತು ಸಿಗುತ್ತಾ?" ಸಿಗುತ್ತೆ ಅಂದೆ. ಫೋನ್ ಕಟ್ಟಾಯ್ತು. ಮತ್ತೆ ಮಾಡಿದಾಗ ಲೈನ್ ಸರಿಯಿಲ್ಲ ಅಂದ, ಗಂಟಲು ಕಟ್ಟಿತ್ತು. ಅವನಿಗೆ ನೆಗಡಿಯಾ? ಶುಂಠಿ ಕಷಾಯ ಮಾಡಿಕೊಡಿ.

ನಳಿನಿ


ಕಾರ್ಲ್‌ಸ್ಟಾಡ್
21 ಡಿಸೆಂಬರ್ 2005

ನಳಿನಿ,

ನೀನು ಪುಟ ಕೇಳಿದೆ, ತಗೋ.

ನಿನ್ನ ಬ್ರೈಡಿ ಇಲ್ಲಿ ಕಾರ್ಲ್‌ಸ್ಟಾಡ್‌ನಲ್ಲಿ ಮೂರನೇ ಮಹಡೀಲಿ ಕೂತಿದಾಳೆ. ಮೂರು ತಿಂಗಳಲ್ಲ ಕಣೇ, ಎಂಟು. ನಿಮ್ಮಮ್ಮ ನಿನಗೆ ಸುಳ್ಳು ಹೇಳಿದರು, ಬಹುಶಃ ಪರೀಕ್ಷೆ ಹಾಳಾಗಬಾರದು ಅಂತ. ನಾನು ಒಂದು ಪೂರ್ತಿ ಮಗುವನ್ನ ಹೆತ್ತೆ. ಹದಿನಾಲ್ಕು ಗಂಟೆ ನೋವು ತಿಂದು ಹೆತ್ತೆ. ಆಮೇಲೆ ರೂಮಿನಲ್ಲಿ ಸದ್ದೇ ಇಲ್ಲ.

ಇಲ್ಲಿಯ ಮಿಡ್‌ವೈಫ್ ಬಹಳ ಒಳ್ಳೆಯವಳು. ಎತ್ಕೋತೀಯಾ ಅಂತ ಕೇಳಿದಳು. ಬೇಡ ಅಂದೆ. ಮುಖ ನೋಡ್ತೀಯಾ ಅಂದಳು. ಬೇಡ, ನಮ್ಮಲ್ಲಿ ನೋಡಬಾರದು ಅಂದೆ. ಯಾರು ನನಗೆ ಹಾಗೆ ಹೇಳಿಕೊಟ್ಟಿದ್ದರೋ ಗೊತ್ತಿಲ್ಲ, ಆ ಹೊತ್ತಿಗೆ ಬಾಯಿಗೆ ಬಂತು. ಹೆಸರು ಏನು ಅಂತ ಕೇಳಿದಳು. ಹನ್ನೊಂದು ದಿನ ಆಗದೆ ನಾವು ಹೆಸರಿಡಲ್ಲ ಅಂದೆ. ಅವಳು ತಲೆಯಾಡಿಸಿ, ಫಾರಂನಲ್ಲಿ ಆ ಜಾಗ ಖಾಲಿ ಬಿಟ್ಟಳು. ಸತ್ತು ಹುಟ್ಟಿದ ಮಗುವಿಗೆ ಈ ದೇಶದಲ್ಲಿ ಎಲ್ಲರಿಗೂ ಇರೋ ಗುರುತಿನ ಪರ್ಸನ್‌ನಂಬರ್ ಕೊಡಲ್ಲ. ಹೆಸರೂ ಇಲ್ಲ, ನಂಬರೂ ಇಲ್ಲ. ಎರಡು ದಿನ ಆದ ಮೇಲೆ ಹಾಲು ಬಂತು. ಅದಕ್ಕೆ ಮಾತ್ರೆ ಕೊಟ್ಟರು.

ನಾನು ಮನೆಗೆ ಬಂದ ನಾಲ್ಕನೇ ದಿನ ನಿನ್ನಣ್ಣ ಒಬ್ಬರೇ ಎಲ್ಲಿಗೋ ಹೋಗಿ ಬಂದು, ಸ್ನಾನ ಮಾಡಿ, "ಎಲ್ಲ ಆಯ್ತು" ಅಂದರು. ಅಷ್ಟೇ. ಇಲ್ಲಿ ಮಿನ್ನೆಸ್‌ಲುಂಡ್ ಅಂತ ಒಂದಿರುತ್ತೆ, ಸ್ಮಶಾನದೊಳಗೆ ತೋಪಿನ ಥರ. ಅಲ್ಲಿ ಬೂದಿಯನ್ನ ಅವರೇ ಮಣ್ಣಿಗೆ ಸೇರಿಸ್ತಾರೆ, ಯಾವ ಜಾಗ ಅಂತ ಮನೆಯವರಿಗೂ ಹೇಳಲ್ಲ. ಹಾಗೇ ಮಾಡಿರಬೇಕು ಅಂದ್ಕೊಂಡಿದೀನಿ. ಅಂದ್ರೆ ನನ್ನ ಮಗಳು ಎಲ್ಲೂ ಇಲ್ಲ. ಬಸ್ಸಿನಲ್ಲಿ ಹೋಗೋವಾಗ ಹುಲ್ಲು ಕಂಡಲ್ಲೆಲ್ಲ ಇಲ್ಲಿರಬಹುದಾ ಅಂತ ನೋಡ್ತೀನಿ. ಹೀಗಾದರೆ ತಲೆ ಕೆಡುತ್ತೆ ಅಂತ ಬಸ್ಸು ಹತ್ತೋದೇ ಬಿಟ್ಟೆ.

ನಿನ್ನಣ್ಣನ ಮೇಲೆ ನನಗೆ ಕೋಪ ಇದೆ, ಬರೆದುಬಿಡ್ತೀನಿ. ಶನಿವಾರ ಬಂತು ಅಂದ್ರೆ ಬ್ಯಾಗ್ ನೇತು ಹಾಕ್ಕೊಂಡು ಆಡೋಕೆ ಹೋಗ್ತಾರೆ. ಕೆನ್ನೆ ಕೆಂಪಗೆ ಮಾಡ್ಕೊಂಡು ವಾಪಸ್ ಬರ್ತಾರೆ. ಹೇಗೆ ಆಡ್ತಾರೆ ನಳಿನಿ? ಎಲ್ಲಿಂದ ಬರುತ್ತೆ ಆ ಮನಸ್ಸು?

ಅವರಿಗೆ ಇದ್ಯಾವುದನ್ನೂ ಹೇಳಬೇಡ. ಹರಿದು ಹಾಕು.

ಪಾವನಾ


ಕ್ಲೂನ್‌ಬ್ರಾಕ್
29 ಡಿಸೆಂಬರ್ 2005

ಅತ್ತಿಗೆ,

"ಇನ್ನೊಂದು ಆಗುತ್ತೆ" ಅಂತ ಬರೆದ ಕೈಗೆ ಬರೆ ಹಾಕಬೇಕು. ಕ್ಷಮಿಸಿ ಅನ್ನೋಕೂ ನಾಚಿಕೆ. ಏಳು ವರ್ಷ ನರ್ಸಿಂಗ್ ಮಾಡಿದೀನಿ, ಮನೆಯವರ ನೋವು ಗೊತ್ತಾಗಲಿಲ್ಲ. ನಿಮ್ಮನ್ನ ಜಂಬದವರು ಅಂತ ಬೇರೆ ಬರೆದೆ.

ನಾನು ಅಣ್ಣನಿಗೆ ಏನೂ ಹೇಳಿಲ್ಲ. ಆದರೆ ನಿಮಗೆ ಒಂದು ಮಾತು ಹೇಳ್ತೀನಿ. ಲಿಶೀನ್ ಕಥೆ ನಾನು ಇಲ್ಲಿ ಐದಾರು ಜನಕ್ಕೆ ಹೇಳಿದೀನಿ. ಎಲ್ಲರೂ ಅಯ್ಯೋ ಪಾಪ ಅಂದರು. ಕಲ್ಲಿನ ಗುರುತು ಸಿಗುತ್ತಾ ಅಂತ ಕೇಳಿದ್ದು ಅಣ್ಣ ಒಬ್ಬನೇ. ಅದು ಬರೀ ಕಥೆ ಕೇಳಿದವನು ಕೇಳೋ ಪ್ರಶ್ನೆ ಅಲ್ಲ ಅತ್ತಿಗೆ.

ನಿಜ ಏನೋ ನನಗೆ ಗೊತ್ತಿಲ್ಲ. ನೀವೇ ಕೇಳಿ. ಬ್ರೈಡಿ ಒಂದೇ ಸಲ ಕೇಳಿದ್ದಳು, ನೀವು ಎರಡನೇ ಸಲವೂ ಕೇಳಿ. ಅವನು ಎದ್ದು ಹೋದರೆ ಹಿಂದೆ ಹೋಗಿ.

ನಳಿನಿ


ಕಾರ್ಲ್‌ಸ್ಟಾಡ್
15 ಜನವರಿ 2006, ಭಾನುವಾರ

ನಳಿನಿ,

ಕೇಳಿದೆ.

ಹೋದ ವಾರದ ಶನಿವಾರ ಅವರು ಬ್ಯಾಗ್ ಎತ್ಕೊಂಡಾಗ ನಾನು ಬೂಟು ಹಾಕ್ಕೊಂಡು ಬಾಗಿಲಲ್ಲಿ ನಿಂತಿದ್ದೆ. "ನಾನೂ ಬರ್ತೀನಿ" ಅಂದೆ. "ನಿನಗೆ ಬೋರಾಗುತ್ತೆ" ಅಂದರು. "ನನ್ನ ಮಗು ಎಲ್ಲಿದೆ ಸುಹಾಸ್?" ಅಂತ ಕೇಳಿಬಿಟ್ಟೆ. ಅವರು ಚಪ್ಪಲಿ ಸ್ಟ್ಯಾಂಡ್ ಮೇಲೇ ಕೂತರು. ಬ್ಯಾಗಿನ ಜಿಪ್ ತೆಗೆದು ನನ್ನ ಮುಂದಿಟ್ಟರು. ರ‍್ಯಾಕೆಟ್ ಇಲ್ಲ. ಹಿಮ ಗುಡಿಸೋ ಬ್ರಷ್ಷು, ಮೂರು ಮೇಣದ ದೀಪ, ಫ್ಲಾಸ್ಕಿನಲ್ಲಿ ಕಾಫಿ.

ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಸ್ಮಶಾನದ ಹಿಂಭಾಗದಲ್ಲಿ ಮಕ್ಕಳದ್ದೇ ಒಂದು ಸಾಲಿದೆ. ಬರ್ಚ್ ಮರದ ಕೆಳಗೆ ಅವರು ಮೊಣಕಾಲೂರಿ ಹಿಮ ಗುಡಿಸಿದರು. ಒಂದು ಮರದ ಗೂಟ, ಅದಕ್ಕೊಂದು ತಗಡು, ಮೇಲೆ "ಫ್ಲಿಕ್ಕಾ ಶೇಷಾದ್ರಿ" ಅಂತ ಇದೆ. ಫ್ಲಿಕ್ಕಾ ಅಂದ್ರೆ ಹುಡುಗಿ. ಹೆಸರಿಲ್ಲದ್ದಕ್ಕೆ ಅವರು ಹಾಗೆ ಬರೆದಿದಾರೆ, ಮಾವನವರ ಹೆಸರು ಮಾತ್ರ ಅವಳಿಗಿದೆ.

ಆ ತೋಪಿನ ವ್ಯವಸ್ಥೆಗೆ ಇವರು ಒಪ್ಪಿರಲಿಲ್ಲವಂತೆ. ನಮ್ಮಲ್ಲಿ ಮಗುವನ್ನ ಸುಡಲ್ಲ, ಮಣ್ಣಿಗೆ ಕೊಡ್ತೀವಿ, ಅಪ್ಪನೇ ಕೊಡಬೇಕು ಅಂತ ಹೇಳಿ ಬಿಳೀ ಪೆಟ್ಟಿಗೆಯನ್ನ ತೊಡೆ ಮೇಲೆ ಇಟ್ಕೊಂಡು ಕಾರಿನಲ್ಲಿ ತಂದರಂತೆ. ಅಲ್ಲಿ ಕೆಲಸ ಮಾಡೋ ಲೆನ್ನಾರ್ಟ್ ಅನ್ನೋರು ಗುದ್ದಲಿ ಇವರ ಕೈಗೇ ಕೊಟ್ಟು ದೂರ ಹೋಗಿ ನಿಂತರಂತೆ. ನಿಮ್ಮಮ್ಮ ಫೋನಿನಲ್ಲಿ ಹೇಳಿದ್ದರಂತೆ, ತಾಯಿಗೆ ಜಾಗ ತೋರಿಸಬೇಡ, ತೋರಿಸಿದರೆ ಮುಂದಿನದು ನಿಲ್ಲಲ್ಲ ಅಂತ. "ನೀನೇ ಮುಖ ನೋಡಲ್ಲ ಅಂದಿದ್ದೆ. ನಿನಗೆ ಮರೀಬೇಕು ಅಂತ ಇದೆ ಅಂದ್ಕೊಂಡೆ" ಅಂದರು.

ನಾನು ಸಮಾಧಾನ ಆದೆ ಅಂತ ಬರೆದರೆ ಸುಳ್ಳಾಗುತ್ತೆ. ಅಲ್ಲೇ ನಿಂತು ಕಿರುಚಿದೆ. ಎಂಟು ತಿಂಗಳು ನೀವೊಬ್ಬರೇ ಅಪ್ಪ ಆಗಿದ್ದಿರಿ, ನನ್ನನ್ನ ಅಮ್ಮ ಆಗೋಕೆ ಬಿಡಲಿಲ್ಲ ಅಂದೆ. ಮೂರು ದಿನ ಅವರ ಹತ್ತಿರ ಮಾತಾಡಲಿಲ್ಲ. ನಾಲ್ಕನೇ ದಿನ ಅನ್ನ ಬಡಿಸ್ತಾ, "ಹೇಗಿದ್ದಳು?" ಅಂತ ಕೇಳಿದೆ. ಅವರು ನೋಡಿದಾರೆ, ನಳಿನಿ. ತಲೆ ತುಂಬ ಕೂದಲಂತೆ, ಗುಂಗುರು, ನಿನ್ನ ಹಾಗೆ. ಬಲಗಿವಿ ಒಂಚೂರು ಮಡಚಿತ್ತಂತೆ. ತಟ್ಟೆಯ ಅನ್ನ ತಣ್ಣಗಾಗೋವರೆಗೆ ಹೇಳ್ತಾ ಹೋದರು, ನಾನು ಕೇಳ್ತಾ ಹೋದೆ.

ಲೆನ್ನಾರ್ಟ್ ಇವರಿಗೆ ಒಂದು ಕಥೆ ಹೇಳಿದ್ದರಂತೆ. ಇಲ್ಲಿ ಹತ್ತಿರದಲ್ಲೇ ಒಂದು ಗುಡ್ಡ ಇದೆ, ಅದಕ್ಕೆ ಮಗುಗುಡ್ಡ ಅಂತಲೇ ಹೆಸರು. ಹಿಂದೆ ಅಲ್ಲಿ ಹೆಸರಿಲ್ಲದ ಮಗುವೊಂದು ಅಳೋದು ದಾರಿಹೋಕರಿಗೆಲ್ಲ ಕೇಳಿಸ್ತಿತ್ತಂತೆ. ಒಂದು ದಿನ ಹುಲ್ಲಿನ ಹೊರೆ ಹೊತ್ತು ಹೋಗ್ತಿದ್ದ ಹೆಂಗಸೊಬ್ಬಳು ನಿಂತು, ಯಾವುದೋ ಒಂದು ಹೆಸರು ಹಿಡಿದು ಕೂಗಿ, "ಇನ್ನು ಇದು ನಿಂದು" ಅಂದಳಂತೆ. ಆಮೇಲೆ ಅಳು ಕೇಳಿಸಲಿಲ್ಲ. ಇದನ್ನ ಕೇಳಿದ ದಿನದಿಂದ ನಿನ್ನಣ್ಣನಿಗೆ ಆಸೆ, ಒಂದು ಹೆಸರು ಹೇಳಬೇಕು ಅಂತ. ಪ್ರತಿ ಶನಿವಾರ ಬಾಯಿವರೆಗೆ ಬರುತ್ತಂತೆ. ಆದರೆ ಅಪ್ಪ ಹೇಳೋ ಪದ್ಧತಿ ಇಲ್ಲವಲ್ಲ ಅಂತ ಸುಮ್ಮನಾಗ್ತಿದ್ದರಂತೆ. ಮಂಕು ಮನುಷ್ಯ. ಹೇಳಿದ್ದರೆ ಯಾರು ಬೈತಿದ್ದರು?

ಫ್ರಾನ್ಸಿ ಅಜ್ಜನಿಗೆ ಹೇಳು. ಹೌದು, ಹೇಳಬೇಕಿತ್ತು ಅಂತ ಹೇಳು. ಆದರೆ ಮೆತ್ತಗೆ ಹೇಳು.

ಪಾವನಾ


ಕ್ಲೂನ್‌ಬ್ರಾಕ್
5 ಫೆಬ್ರವರಿ 2006, ಭಾನುವಾರ

ಅತ್ತಿಗೆ,

ಹೇಳಿದೆ. ಮೆತ್ತಗೇ ಹೇಳಿದೆ. ಅವನು ಕಿಟಕಿ ಕಡೆ ತಿರುಗಿ, "ಡೆಕ್ಲನ್‌ನ ಕರೆಸು" ಅಂದ.

ಹೊಸ ಜೆಸಿಬಿ ಬರೋಕೆ ಎರಡು ದಿನ ಇತ್ತು. ನಾನೂ ಡೆಕ್ಲನ್ನೂ ಸೇರಿ ವೀಲ್‌ಚೇರನ್ನ ಲಿಶೀನ್ ಗೇಟಿನವರೆಗೆ ತಳ್ಳಿದೆವು. ಚಕ್ರ ಕೆಸರಲ್ಲಿ ಹೂತು ಮುಂದೆ ಹೋಗಲಿಲ್ಲ, ಡೆಕ್ಲನ್ ದೊಡ್ಡಪ್ಪನ್ನ ಮಗುವಿನ ಥರ ಎತ್ಕೊಂಡ. ಫ್ರಾನ್ಸಿ ಕೈ ತೋರಿಸಿದ ಕಡೆ ಹುಲ್ಲು ಸರಿಸಿದರೆ ಬಿಳೀ ಕಲ್ಲು. ಒಂದಲ್ಲ, ಹುಡುಕಿದಷ್ಟೂ ಸಿಕ್ಕವು, ಹತ್ತೊಂಬತ್ತು. ಇಷ್ಟು ವರ್ಷ ದೆವ್ವ ಅಂತ ನಗ್ತಿದ್ದ ಡೆಕ್ಲನ್ ಟೋಪಿ ತೆಗೆದ. "ಮೊದಲೇ ಯಾಕೆ ಹೇಳಲಿಲ್ಲ?" ಅಂದ. "ಯಾರೂ ಕೇಳಲಿಲ್ಲ" ಅಂದ ಫ್ರಾನ್ಸಿ. ಆಮೇಲೆ ಅವನೇ ತಿದ್ದಿ, "ಒಬ್ಬಳು ಕೇಳಿದ್ದಳು" ಅಂದ. ಮನೆ ಈಗ ಕುದುರೆ ಹೊಲದಲ್ಲಿ ಏಳುತ್ತೆ. ಇಲ್ಲಿ ಬೇಲಿ ಹಾಕಿಸ್ತಾರೆ. ಪಾದ್ರಿಗಳು ಬಂದು ಪ್ರಾರ್ಥನೆ ಮಾಡಿ ಹೋದರು. ಫ್ರಾನ್ಸಿ ಸೂಪ್ ಕುಡೀತಿದಾನೆ.

ಈಗ ನನ್ನ ಜಗಳ. ಅಣ್ಣ ಸುಮ್ಮನಿದ್ದದ್ದು ಮಂಕುತನ ಅಲ್ಲ, ಅದೊಂದು ಅವನು ಸರಿಯಾಗೇ ಮಾಡಿದಾನೆ. ತೊಟ್ಟಿಲ ಮಗುವಿನ ಕಿವೀಲಿ ಹೆಸರು ಹೇಳೋದು ಯಾರ ಕೆಲಸ? ಸೋದರತ್ತೆದು. ಅಂದರೆ ನಂದು. ನನಗೆ ಒಬ್ಬಳು ಸೊಸೆ ಹುಟ್ಟಿದ್ದನ್ನ ನೀವೆಲ್ಲ ಸೇರಿ ಎಂಟು ತಿಂಗಳು ನನಗೇ ಹೇಳಲಿಲ್ಲ, ಈಗ ನನ್ನ ಹಕ್ಕನ್ನೂ ಕಿತ್ಕೋಬೇಡಿ. ಹನ್ನೊಂದನೇ ದಿನ ಆಗಬೇಕಾದ್ದು ಹತ್ತು ತಿಂಗಳಿಗೆ ಆಗುತ್ತೆ, ಅಷ್ಟೇ ತಾನೇ.

ಮೊನ್ನೆ ಶುಕ್ರವಾರ ಡಬ್ಲಿನ್‌ಗೆ ಹೋಗಿ ನಿಮ್ಮ ದೇಶದ ವೀಸಾಕ್ಕೆ ಅರ್ಜಿ ಕೊಟ್ಟು ಬಂದೆ. ಭೇಟಿಯ ಕಾರಣ ಅನ್ನೋ ಜಾಗದಲ್ಲಿ "ಅಣ್ಣನ ಮಗಳ ನಾಮಕರಣ" ಅಂತ ಬರೆದೆ. ಕೌಂಟರಿನ ಹುಡುಗಿ ಕಂಗ್ರಾಜುಲೇಶನ್ಸ್ ಅಂದಳು. ನಾನು ಥ್ಯಾಂಕ್ಸ್ ಅಂದೆ. ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ಕೂತು ಅತ್ತೆ.

ಮಾರ್ಚ್ ಕೊನೇ ವಾರ ಬರ್ತೀನಿ. ಹೆಸರು ನೀವಿಬ್ಬರೂ ಆರಿಸಿಡಿ. ಕಾಗದದಲ್ಲಿ ಬರೀಬೇಡಿ, ಮೊದಲು ಅವಳ ಕಿವಿಗೇ ಬೀಳಲಿ.

ನಳಿನಿ


ಕಾರ್ಲ್‌ಸ್ಟಾಡ್
9 ಏಪ್ರಿಲ್ 2006, ಭಾನುವಾರ

ಪ್ರೀತಿಯ ನಳಿನಿ,

ಸುಖವಾಗಿ ತಲುಪಿದೆ ಅಂತ ನಿನ್ನಣ್ಣ ಹೇಳಿದರು. ಬೆನ್ನು ಹೇಗಿದೆ? ನೀನು ಹೆಸರು ಹೇಳೋವಾಗ ಬೆನ್ನಿಗೆ ಮೆತ್ತಗೆ ಗುದ್ದೋದು ಶಾಸ್ತ್ರ. ನಿನ್ನಣ್ಣ ಗುದ್ದಿದ್ದು ನೋಡಿದರೆ ಚಿಕ್ಕಂದಿನ ಹಳೇ ಸೇಡೆಲ್ಲ ತೀರಿಸ್ಕೊಂಡ ಹಾಗಿತ್ತು. ನೀನು ಒದ್ದೆ ಮಣ್ಣಿಗೆ ಕೆನ್ನೆ ಇಟ್ಟು ಮಲಗಿದ್ದೆ, ನಿನಗೆ ನಮ್ಮ ಮುಖ ಕಾಣ್ತಿರಲಿಲ್ಲ. ನಾವಿಬ್ಬರೂ ನಗ್ತಿದ್ವಿ ನಳಿನಿ. ಅಳ್ತಾ ಇದ್ದೆವು, ನಗ್ತಾನೂ ಇದ್ದೆವು. ದೂರದಲ್ಲಿ ಲೆನ್ನಾರ್ಟ್ ಕೈಗಾಡಿ ನಿಲ್ಲಿಸಿ, ಈ ಇಂಡಿಯನ್ನರಿಗೆ ಏನಾಯ್ತು ಅಂತ ನೋಡ್ತಿದ್ದರು.

ನಿಮ್ಮಮ್ಮನಿಗೆ ಇವರು ಫೋನ್ ಮಾಡಿ ಎಲ್ಲ ಹೇಳಿದರು. ನನಗೆ ಜಾಗ ತೋರಿಸಿದ್ದು, ನೀನು ಬಂದದ್ದು, ಹೆಸರು. ನಾನು ಬೈಗುಳ ಕೇಳೋಕೆ ಸಿದ್ಧಳಾಗೇ ಇದ್ದೆ. ಅತ್ತೆ, "ಯಾರ ಹಾಗಿತ್ತೋ ಮಗು?" ಅಂತ ಕೇಳಿದರು. ನಾನೇ ಫೋನ್ ತಗೊಂಡು ಹೇಳಿದೆ, ನಳಿನಿಯ ಕೂದಲು ಅತ್ತೆ, ಕಿವಿ ನಿಮ್ಮದು ಅಂತ. ಅತ್ತೆ ಮುಂದಿನ ವಾರ ಮತ್ತೆ ಮಾಡು ಅಂದರು.

ಸೋಮವಾರ ಸ್ಮಶಾನದ ಆಫೀಸಿಗೆ ನಾನೊಬ್ಬಳೇ ಹೋಗಿ ಫಾರಂ ತುಂಬಿ ಕೊಟ್ಟೆ. ತಗಡು ಬದಲಾಗೋಕೆ ಮೂರು ವಾರ ಬೇಕಂತೆ. ಇಷ್ಟು ದಿನ ಕಾದಿದೀನಿ, ಇನ್ನು ಮೂರು ವಾರ ಏನು.

ಸ್ವೀಡಿಷ್ ಕ್ಲಾಸಿಗೆ ಮತ್ತೆ ಸೇರಿದೆ. ಗುರುವಾರ ಮೊದಲ ದಿನ. ಹೊಸ ಟೀಚರು, ಎಲ್ಲ ದೇಶದವರೂ ಇದಾರೆ. ಒಬ್ಬೊಬ್ಬರೇ ಎದ್ದು ನಿಂತು ಕುಟುಂಬದ ಬಗ್ಗೆ ಹೇಳಬೇಕು, ಗಂಡ, ಮಕ್ಕಳು, ವಯಸ್ಸು. ಹಿಂದಿನ ವರ್ಷ ಇದೇ ಪಾಠ ಬರೋ ದಿನ ನಾನು ತಲೆನೋವು ಅಂತ ಎದ್ದು ಬಂದವಳು ಮತ್ತೆ ಹೋಗಿರಲಿಲ್ಲ. ಈ ಸಲ ನನ್ನ ಸರದಿ ಬಂದಾಗ ಎದ್ದು ನಿಂತೆ. ನನಗೆ ಒಬ್ಬಳು ಮಗಳಿದಾಳೆ ಅಂದೆ. ಹೆಸರೇನು ಅಂದರು ಟೀಚರು. ಜಾನಕಿ ಅಂದೆ. ಇಡೀ ಕ್ಲಾಸು ಒಟ್ಟಿಗೆ ಹೇಳಿತು, ಜಾನಕಿ. ವಯಸ್ಸೆಷ್ಟು ಅಂದರು.

ಮೇ ಬಂದರೆ ಒಂದು ವರ್ಷ ಅಂದೆ.

ನಿನ್ನ ಅತ್ತಿಗೆ
ಪಾವನಾ